ಹಚ್ಚಿಕೊಂಡದ್ದು

ನಮ್ಮ ಊರಿನಲ್ಲಿ ಔಷಧಗಳು ಜಗಳವಾಡುತ್ತವೆ. ಒಂದಕ್ಕೊಂದು ಆಗಿಬಾರದ ಎರಡು ಗುಳಿಗೆಗಳನ್ನು ಕಂಚಿನ ತಾಟಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿ. ಒಂದು ಆ ಅಂಚಿಗೆ, ಇನ್ನೊಂದು ಈ ಅಂಚಿಗೆ ಸರಿದುಬಿಡುತ್ತವೆ. ವೈರ ಜೋರಾಗಿದ್ದರೆ ತಾಟು ಬಿಟ್ಟು ನೆಲಕ್ಕೇ ಹಾರುತ್ತವೆ. ಊರ ಗಡಿ ದಾಟಿದರೆ ಅವೇ ಗುಳಿಗೆಗಳು ಸುಮ್ಮನೆ ಬಿದ್ದುಕೊಂಡಿರುತ್ತವಂತೆ. ಅಲ್ಲಿನ ಜನ ಹೇಗೆ ಬದುಕುತ್ತಾರೋ ನನಗಂತೂ ತಿಳಿಯದು. ಹೊರಗಿನ ಬಸ್ಸು ಹಳ್ಳದ ಸೇತುವೆ ದಾಟಿ ಒಳಗೆ ಬರುತ್ತಲೇ ಯಾರದೋ ಚೀಲದಲ್ಲಿ ಪಟಪಟ ಸದ್ದಾಗುತ್ತದೆ. ಕಂಡಕ್ಟರ್ “ಯಾರದ್ರೀ ಅದು? ಗುಳಿಗಿ ಬ್ಯಾರೆ ಬ್ಯಾರೆ ಕಿಸೆದಾಗ ಇಟ್ಕೋರಿ” ಎಂದು ಕೂಗಿ ಮತ್ತೆ ಟಿಕೆಟ್ ಹರಿಯತೊಡಗುತ್ತಾನೆ.

ಇಲ್ಲಿ ಮನೆ ಕಟ್ಟಿಸುವವರು ಅಡುಗೆಮನೆಯ ಗೋಡೆಯಲ್ಲಿ ನಾಲ್ಕೈದು ಸಣ್ಣ ಗೂಡು ಬಿಡಿಸುತ್ತಾರೆ, ಒಂದೊಂದು ಔಷಧಕ್ಕೆ ಒಂದೊಂದು. ‘ಅವರಿಬ್ಬರೂ ಒಂದ ಗೂಡಿನ್ಯಾಗ ಇರೂದಿಲ್ಲ’ ಎಂದರೆ ನಮ್ಮಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ ಎಂದು ಅರ್ಥ. ಒಮ್ಮೆ ಒಬ್ಬಳು ತನ್ನ ಬಳೆಯನ್ನೂ ಅತ್ತೆಯ ಬಳೆಯನ್ನೂ ತಂದು “ಇವನ್ನೂ ತಾಟಿನ್ಯಾಗ ಇಟ್ಟ ನೋಡ್ರಿ, ಲೀಲಕ್ಕಾ” ಎಂದಳು. ಇಟ್ಟೆ. ಬಳೆಗಳು ಅಲುಗಲಿಲ್ಲ. ತಾಟಿಗೆ ಔಷಧದ ಜಗಳವಷ್ಟೇ ಗೊತ್ತು, ಮನುಷ್ಯರದ್ದನ್ನು ನಾವೇ ನೋಡಿಕೊಳ್ಳಬೇಕು.

ಆ ಲೀಲಕ್ಕ ನಾನೇ. ಹೆಸರು ಶಿವಲೀಲಾ, ಊರಿಗೆಲ್ಲ ತಾಟಿನ ಲೀಲಕ್ಕ. ದವಾಖಾನೆಯ ಮುಂದೆ ಒಂದು ಕಲ್ಲಿನ ಕಟ್ಟೆಯಿದೆ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ನಾನು ಅಲ್ಲಿ ಕೂರುತ್ತೇನೆ. ಡಾಕ್ಟರ್ ಬರೆದ ಚೀಟಿ ಹಿಡಿದು, ಮನೆಯಲ್ಲಿ ಮೊದಲೇ ಇರುವ ಔಷಧವನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಜನ ನನ್ನ ಮುಂದೆ ಬರಬೇಕು. ಎಲ್ಲವೂ ತಾಟಿನಲ್ಲಿ ಸುಮ್ಮನಿದ್ದರೆ ಚೀಟಿಯ ಮೇಲೆ ‘ಕೂಡುತ್ತವೆ’ ಎಂದು ಹಸಿರು ಮುದ್ರೆ, ಇಲ್ಲದಿದ್ದರೆ ‘ಕೂಡವು’ ಎಂದು ಕೆಂಪು ಮುದ್ರೆ; ಅದೇ ಮುದ್ರೆ ನನ್ನ ದೊಡ್ಡ ವಹಿಯಲ್ಲೂ ಅವರ ಹೆಸರಿನ ಮುಂದೆ ಬೀಳುತ್ತದೆ. ಹಸಿರು ಕಾಣದೆ ಔಷಧದ ಅಂಗಡಿಯವನು ಒಂದು ಗುಳಿಗೆಯನ್ನೂ ಕೊಡುವ ಹಾಗಿಲ್ಲ.

ತಾಟು ಎಲ್ಲರ ಮನೆಯಲ್ಲೂ ಇದೆ, ಮತ್ತೆ ಲೀಲಕ್ಕ ಯಾಕೆ ಎಂದು ಹೊಸಬರು ಕೇಳುತ್ತಾರೆ. ತಂದು ಇಟ್ಟದ್ದು ಮಾತ್ರ ತಾಟಿಗೆ ಗೊತ್ತಾಗುತ್ತದೆ ಸ್ವಾಮಿ. ಜನ ತರದೆ ಬಿಟ್ಟದ್ದನ್ನು ಹೊರಗೆ ತೆಗೆಸುವವಳು ನಾನು. ನೆಗಡಿ ಗುಳಿಗೆಯನ್ನು ‘ಅದೇನ ಔಷಧ ಬಿಡ್ರಿ’ ಎನ್ನುವವರು, ಬೆಳಗಿನ ಕಷಾಯವನ್ನು ಚಹಾದ ಲೆಕ್ಕಕ್ಕೆ ಸೇರಿಸುವವರು, ಅತ್ತೆಗೆ ಕಾಣದಂತೆ ನುಂಗುವ ಗುಳಿಗೆಯನ್ನು ಸೆರಗಿನ ಗಂಟಿನಲ್ಲೇ ಉಳಿಸಿಕೊಂಡು ಬರುವವರು, ಎಲ್ಲರನ್ನೂ ಕಂಡಿದ್ದೇನೆ. “ಏನೇನು ತಗೋತೀರಿ?” ಎಂದು ಒಮ್ಮೆ ಕೇಳಿ, ಸುಮ್ಮನೆ ಮುಖ ನೋಡುತ್ತಾ ಕೂರುತ್ತೇನೆ. ಎಂಥವರೂ ಬಾಯಿ ಬಿಡುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಹಸಿರು ಮುದ್ರೆ ಬಿದ್ದ ಮೇಲೆ ಯಾರಿಗೂ ಏನೂ ಆಗಿರಲಿಲ್ಲ. ಜಂಬ ಅನ್ನಿ, ಸೊಕ್ಕು ಅನ್ನಿ. ಇತ್ತು, ಈಗಲೂ ಇದೆ. ಕೆಲಸ ಬಲ್ಲವಳಿಗೆ ಅಷ್ಟಾದರೂ ಇರಬೇಡವೇ?

ಸಂಗನಬಸಪ್ಪ ಮಾಸ್ತರರು ಶಾಲೆಯಲ್ಲಿ ನನಗೆ ಡ್ರಿಲ್ ಕಲಿಸಿದವರು. ನನಗಷ್ಟೇ ಅಲ್ಲ, ನನ್ನ ತಮ್ಮನಿಗೆ, ಅವನ ಮಕ್ಕಳಿಗೆ. ಈ ಊರಿನಲ್ಲಿ ಯಾರೇ ಮನೆಯಿಂದ ಹೊರಡಲಿ, ಎಡಗಾಲು ಮುಂದಿಟ್ಟೇ ಹೊರಡುತ್ತಾರೆ. ಬಲಗಾಲೇ ಶುಭ ಎಂದು ಹೇಳಿ ಹೇಳಿ ಹಿರಿಯರು ಸುಸ್ತಾದರು. ನಿವೃತ್ತರಾಗಿ ಎಂಟು ವರ್ಷಕ್ಕೆ ಮಾಸ್ತರರ ಹೃದಯದ ಕವಾಟವೊಂದು ಕೆಟ್ಟಿತು. ದೂರದ ನಗರಕ್ಕೆ ಹೋಗಿ ಹೊಸದು ಹಾಕಿಸಿಕೊಂಡು ಬಂದರು. ಬಂದ ಮರುದಿನವೇ ಐದು ಗುಳಿಗೆಗಳ ಚೀಟಿ ಹಿಡಿದು ನನ್ನ ಕಟ್ಟೆಯ ಮುಂದೆ ಎದೆ ಸೆಟೆಸಿ ನಿಂತರು.

ಐದರಲ್ಲಿ ಮುಖ್ಯವಾದದ್ದು ಒಂದು ಸಣ್ಣ ಗುಲಾಬಿ ಗುಳಿಗೆ. ರಕ್ತವನ್ನು ತೆಳುವಾಗಿಟ್ಟು, ಹೊಸ ಕವಾಟದ ಮೇಲೆ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಅದರ ಕೆಲಸ. ನನ್ನ ತಾಟು ಕಂಡ ಜಗಳಗಂಟ ಗುಳಿಗೆಗಳಲ್ಲಿ ಅದೇ ಮೊದಲನೆಯದು, ಅರ್ಧ ಅಂಗಡಿಯ ಜೊತೆ ಅದಕ್ಕೆ ಆಗಿಬರುವುದಿಲ್ಲ. ಅದಕ್ಕೇ ನಾನು ಎರಡೆರಡು ಸಲ ಕೇಳಿದೆ. “ಸರ್, ಏನೇನು ತಗೋತೀರಿ? ಒಂದೂ ಬಿಡಬ್ಯಾಡ್ರಿ.”

“ಈ ಐದು. ಮುಂಜಾನೆ ಒಂದು ಚಮಚ ತ್ರಿಫಲಾ ಚೂರ್ಣ. ಮಣಕಾಲ ನೋವಿಗೆ ಮೊದಲ ಒಂದು ಗುಳಿಗಿ ತಗೋತಿದ್ದೆ, ಅದನ್ನ ಡಾಕ್ಟರ್ ಬಿಡಿಸ್ಯಾರ. ಮತ್ತೇನಿಲ್ಲ. ನಾ ಸುಳ್ಳ ಹೇಳೂದಿಲ್ಲ, ನಿನಗ ಗೊತ್ತೈತಿ.”

ಗೊತ್ತಿತ್ತು. ಐದು ಗುಳಿಗೆ, ಒಂದು ಚಿಟಿಕೆ ಚೂರ್ಣ ತಾಟಿಗೆ ಹಾಕಿದೆ. ಫೋಟೋ ತೆಗೆಸಿಕೊಳ್ಳಲು ಕೂತ ಒಂದೇ ಮನೆಯವರ ಹಾಗೆ ಮಿಸುಕದೆ ಕೂತವು. ಹಸಿರು ಮುದ್ರೆ ಒತ್ತಿ ಕೊಟ್ಟೆ. ಅವರು ಸಲಾಮು ಹೊಡೆದು ಎಡಗಾಲಿಟ್ಟು ಹೊರಟರು.

ಎರಡು ತಿಂಗಳ ಮೇಲೆ ಒಂದು ಮಂಗಳವಾರ ಡಾಕ್ಟರ್ ಬೆಳ್ಳುಬ್ಬಿಯವರು ದವಾಖಾನೆಯಿಂದ ಇಳಿದು ಸೀದಾ ನನ್ನ ಕಟ್ಟೆಗೆ ಬಂದರು. ಅವರು ಹಾಗೆ ಬರುವವರಲ್ಲ, ಕರೆಸುವವರು. ನಿಂತುಕೊಂಡೇ ದನಿ ತಗ್ಗಿಸಿ ಹೇಳಿದರು: “ಮಾಸ್ತರಗ ಮೂಗಿನಾಗ ರಕ್ತ ಬರಾಕತ್ತದ, ಲೀಲಕ್ಕಾ. ವಸಡಿನಾಗೂ ಬರತದ. ಮೈ ಮ್ಯಾಲೆಲ್ಲ ನೀಲಿ ಕಲೆ. ರಕ್ತ ನೀರಾಗೇದ. ಗುಲಾಬಿ ಗುಳಿಗಿ ಅರ್ಧಕ್ಕ ಇಳಿಸಿದೆ, ಆದರೂ ಹತೋಟಿಗೆ ಬರವಲ್ಲದು. ಪೂರ್ತಿ ನಿಲ್ಲಿಸಿದರ ಹೊಸ ಕವಾಟದ ಮ್ಯಾಲ ಹೆಪ್ಪುಗಟ್ಟತದ, ನಿಲ್ಲಿಸದಿದ್ದರ ತಲಿಯೊಳಗ ರಕ್ತ ಒಡೀತದ. ಎರಡರಾಗ ಯಾವುದಾದರೂ ಮನಷ್ಯಾ ಉಳಿಯೂದಿಲ್ಲ. ಎಲ್ಲೋ ಏನೋ ಕೂಡವಲ್ಲದು. ನಿಮ್ಮ ತಾಟು ಸರಿ ಅದ ಹೌದಲ್ಲೋ?”

ನನಗೆ ಮೈಯೆಲ್ಲ ಉರಿಯಿತು. “ತಾಟಿಗೆ ಏನಾಗೇತ್ರಿ? ನಿಮ್ಮ ಪರೀಕ್ಷಾ ಮಾಡೋ ಯಂತ್ರ ಸರಿ ಐತೇನ ನೋಡ್ರಿ ಮೊದಲ” ಅಂದೆ. ಡಾಕ್ಟರ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. “ಶುಕ್ರವಾರ ಮತ್ತೊಮ್ಮೆ ರಕ್ತ ನೋಡತೇನಿ. ಹಿಂಗ ಇತ್ತಂದ್ರ ಗುಳಿಗಿ ನಿಲ್ಲಿಸಿ ನಗರಕ್ಕ ಕಳಸೂದ. ಹಾದಿಯೊಳಗ ಏನಾದರೂ ಆಗಬಹುದು. ಶುಕ್ರವಾರದೊಳಗ ಹುಡುಕ್ರಿ” ಎಂದು ಹೇಳಿ ಮೆಟ್ಟಿಲು ಹತ್ತಿದರು.

ಮಾತು ಊರು ತುಂಬಾ ಹರಡಲು ಊಟದ ಹೊತ್ತೂ ಬೇಕಾಗಲಿಲ್ಲ. ಔಷಧದ ಅಂಗಡಿಯವನು ತಾಟು ಹಳೆಯದಾಯಿತೇನೋ, ಕಲಾಯಿ ಹಾಕಿಸಿದರೆ ಹೇಗೆ ಎಂದನಂತೆ. ಕಂಚಿಗೆ ಕಲಾಯಿ! ಇಂಥವರ ಬಾಯಿಗೆ ನಾನು ಬಿದ್ದೆನಲ್ಲ ಎಂದು ಅಳು ಬಂತು. ಬುಧವಾರ ಮಾಸ್ತರರ ಮನೆಯಿಂದ ಗುಳಿಗೆಯಷ್ಟೇ ಅಲ್ಲ, ಚಹಾಪುಡಿ, ಬೆಲ್ಲ, ಬೆಳ್ಳುಳ್ಳಿ, ಉಪ್ಪಿನಕಾಯಿ, ಹಲ್ಲುಪುಡಿಯವರೆಗೂ ತರಿಸಿ ಗುಲಾಬಿ ಗುಳಿಗೆಯ ಪಕ್ಕ ಒಂದೊಂದಾಗಿ ಇಟ್ಟೆ. ಬೆಳ್ಳುಳ್ಳಿಗೆ ಗುಳಿಗೆ ಸ್ವಲ್ಪ ಮುಖ ತಿರುಗಿಸಿತು, ಅಷ್ಟೇ. ಇಷ್ಟು ರಕ್ತ ಹರಿಸುವ ಜಗಳ ಯಾವುದರಲ್ಲೂ ಇರಲಿಲ್ಲ. ತಾಟು ಸರಿಯಿದೆ ಎಂದಾಯಿತು. ಹಾಗಾದರೆ ಮಾಸ್ತರರು ಏನನ್ನೋ ಮುಚ್ಚಿಡುತ್ತಿದ್ದಾರೆ. ಗುಟ್ಟಾಗಿ ಕುಡಿಯುತ್ತಿರಬೇಕು, ಅಥವಾ ಡಾಕ್ಟರ್ ಬಿಡಿಸಿದ ನೋವಿನ ಗುಳಿಗೆಯನ್ನೇ ಕದ್ದು ನುಂಗುತ್ತಿರಬೇಕು. ನನ್ನ ತಪ್ಪಿರಬಹುದು ಎಂಬುದು ಮಾತ್ರ ನನ್ನ ತಲೆಯ ಹತ್ತಿರಕ್ಕೂ ಸುಳಿಯಲಿಲ್ಲ.

ಗುರುವಾರ ಬೆಳಿಗ್ಗೆ ಕಟ್ಟೆಯ ಮೇಲೆ ‘ಇಂದು ಇಲ್ಲ’ ಎಂದು ಬರೆದಿಟ್ಟು, ತಾಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವರ ಮನೆಗೆ ಹೋದೆ. ಮಾಸ್ತರರು ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದರು. ಮುಂಗೈ ತುಂಬಾ ನೇರಳೆ ಹಣ್ಣು ಒರೆಸಿದಂತೆ ಕಲೆಗಳು. ಮೂಗಿಗೆ ಒತ್ತಿಕೊಂಡ ಕರ್ಚೀಫು ಕೆಂಪಾಗಿತ್ತು. ಒಳಗೆ ಕಾಲಿಡುತ್ತಲೇ ಆ ಖಾರ ವಾಸನೆ ಮೂಗಿಗೆ ಬಡಿಯಿತು. ನಲವತ್ತು ವರ್ಷದಿಂದ ನನಗೆ ಪರಿಚಯದ ವಾಸನೆ ಅದು. ಶಾಲೆಯ ಮೈದಾನದಲ್ಲಿ ಅವರು ಹತ್ತಿರ ಸುಳಿದರೆ ಅದೇ ವಾಸನೆ, ನಾವು ಹುಡುಗಿಯರು ಅದಕ್ಕೆ ‘ಡ್ರಿಲ್ ವಾಸನಿ’ ಎಂದು ಹೆಸರಿಟ್ಟಿದ್ದೆವು. ಮಾಸ್ತರರ ಮೈಗೆ ಹುಟ್ಟಿನಿಂದ ಬಂದದ್ದು ಎಂದೇ ನಾನು ತಿಳಿದಿದ್ದೆ.

ಅವರ ಆ ಸ್ಥಿತಿ ಕಣ್ಣಾರೆ ಕಂಡೆ. ಆದರೂ ನನ್ನ ಬಾಯಿಂದ ಬಂದದ್ದು ಬೈಗುಳವೇ. “ಸರ್, ಖರೇ ಹೇಳ್ರಿ. ಯಾರಿಗೂ ಕಾಣದಂಗ ಏನ ತಗೋತೀರಿ?”

ಅವರು ಕರ್ಚೀಫು ಇಳಿಸಿ ನನ್ನನ್ನೇ ನೋಡಿದರು. “ಲೀಲಾ, ಏಳನೇ ಕ್ಲಾಸಿನ್ಯಾಗ ನೀ ಓಟದಾಗ ಎರಡನೇದಾಕಿ ಬಂದಾಗ, ಮೊದಲನೇದಾಕಿ ಅಂತ ಬರೀರಿ ಅಂತ ನಿಮ್ಮಪ್ಪ ಬಂದು ಕೇಳಿದ್ದ. ಬರದೆನೇನ?”

“ಇಲ್ಲರಿ.”

“ಮತ್ತ? ಈಗ ಸಾಯೂ ಹೊತ್ತಿನಾಗ ಸುಳ್ಳ ಹೇಳತೇನೇನ?”

ಅಡುಗೆಮನೆಯಿಂದ ಅವರ ಹೆಂಡತಿ ಬಾಳವ್ವ ಬಂದಳು. ನನಗಿಂತ ಹತ್ತು ವರ್ಷ ದೊಡ್ಡವಳು, ಮಾತು ಕಡಿಮೆ, ನಾನು ಬಾಳಕ್ಕ ಎಂದೇ ಕರೆಯುವುದು. ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದರಲ್ಲಿ ಚಮಚ, ಚಮಚದಲ್ಲಿ ಗುಲಾಬಿ ಗುಳಿಗೆ. ಗಟ್ಟಿ ಗುಳಿಗೆಗೆ ಚಮಚ ಯಾಕೆ ಎಂದು ನನಗೆ ವಿಚಿತ್ರವೆನಿಸಿತು. ಕೇಳಿದೆ.

ಬಾಳಕ್ಕ ನಾಚಿಕೊಂಡಳು. “ನನ್ನ ಕೈ ನಡಗತಾವ ತಂಗಿ, ವಯಸ್ಸಾತು. ಅಂಗೈಯಾಗ ಗುಳಿಗಿ ನಿಲ್ಲವಲ್ಲದು. ಹಾಕ್ಕೊಂಡ ಕೂಡಲೇ ಸಿಡದ ಬೀಳತೈತಿ. ಒಂದು ಒಲಿಯೊಳಗ ಹೋತು. ಅದಕ್ಕ ಚಮಚಾ ಮಾಡಿದೆ.”

“ಉಳಿದ ನಾಕು ಗುಳಿಗಿ?”

“ಅವು ನಿಲ್ಲತಾವ. ಇದೊಂದ ಬೀಳೂದು.”

ನಾನು ಎದ್ದು ನಿಂತೆ. ಹೊರಗಿನ ಊರಿನವಳಾಗಿದ್ದರೆ ಕಣ್ಣು ಕಣ್ಣು ಬಿಡುತ್ತಿದ್ದಳು. ಆದರೆ ಬಾಳಕ್ಕ ಇದೇ ಊರಿನಲ್ಲಿ ಹುಟ್ಟಿ, ಗೂಡು ಗೂಡು ಬೇರೆಯಿಟ್ಟು ಬಾಳಿದವಳು. ಗುಳಿಗೆ ಔಷಧದಿಂದ ಓಡುತ್ತದೆ ಎಂದು ಅವಳಿಗೆ ಗೊತ್ತು. ತನ್ನ ಕೈಯಿಂದ ಓಡೀತು ಎಂದು ಯಾಕೆ ಅಂದುಕೊಂಡಾಳು? ಕೈ ಔಷಧವಲ್ಲವಲ್ಲ. ನಾನು ಚಮಚದಿಂದ ಗುಳಿಗೆ ತೆಗೆದು ಅವಳ ಅಂಗೈಯಲ್ಲಿಟ್ಟೆ. ಕೈ ನಡುಗಲಿಲ್ಲ, ಕಲ್ಲಿನ ಹಾಗೆ ನೆಟ್ಟಗಿತ್ತು. ಗುಳಿಗೆ ಮಾತ್ರ ಕಾದ ಹಂಚಿನ ಮೇಲೆ ಬಿದ್ದ ಹಾಗೆ ಪುಟಿದು ಬಾಗಿಲ ತನಕ ಹೋಯಿತು.

ಅವಳ ಕೈ ಎಳೆದು ಮೂಸಿದೆ. ಡ್ರಿಲ್ ವಾಸನೆ.

“ಬಾಳಕ್ಕಾ, ಕೈಗೆ ಏನ ಹಚ್ಕೊಂಡೀರಿ?”

“ನಾ ಎಲ್ಲಿ ಹಚ್ಕೋತೇನಿ, ಇವರ ಮಣಕಾಲಿಗೆ ಹಚ್ಚತೇನಿ. ನೋವಿನ ಮುಲಾಮು. ಮೊದಲ ದಿನಕ್ಕ ಒಮ್ಮೆ ಒಂದೀಟ ಹಚ್ಚತಿದ್ದೆ. ಗುಳಿಗಿ ಬಿಡಿಸಿದ ಮ್ಯಾಲ ನೋವು ತಡಕೊಳ್ಳಾಕ ಆಗವಲ್ಲದು ಅಂತ ಮೂರು ಹೊತ್ತೂ ತಿಕ್ಕತೇನಿ. ಮಣಕಾಲಿಗೆ, ಬೆನ್ನಿಗೆ, ಹೆಗಲಿಗೆ. ವಾರಕ್ಕೊಂದು ಡಬ್ಬಿ ಆಗತೈತಿ.”

“ನನಗ ಯಾಕ ಹೇಳಲಿಲ್ಲ?”

ಉತ್ತರ ಕೊಟ್ಟವರು ಮಾಸ್ತರರು, ಮೆಲ್ಲಗೆ. “ನೀ ತಗೋಳೂದು ಕೇಳಿದಿ, ಲೀಲಾ. ಹಚ್ಚೂದು ಕೇಳಲೇ ಇಲ್ಲ.”

ಹೌದು. ಇಪ್ಪತ್ತೆರಡು ವರ್ಷ ‘ಏನೇನು ತಗೋತೀರಿ’ ಎಂದು ಕೇಳಿದವಳು ನಾನು. ತಗೊಳ್ಳುವುದು ಎಂದರೆ ನಮ್ಮ ಜನಕ್ಕೆ ಬಾಯಿಂದ ಒಳಗೆ ಹೋಗುವುದು. ಹಚ್ಚುವುದು ಬೇರೆ, ಹಾಕಿಕೊಳ್ಳುವುದು ಬೇರೆ. ಕಿರಾಣಿ ಅಂಗಡಿಯಲ್ಲಿ ಸಾಬೂನಿನ ಪಕ್ಕ ಸಿಗುವ ಮುಲಾಮನ್ನು ಯಾರಾದರೂ ತಗೋತೀನಿ ಅನ್ನುತ್ತಾರೆಯೇ? ಮಾಸ್ತರರು ಸುಳ್ಳು ಹೇಳಿರಲಿಲ್ಲ, ತಾಟೂ ಹೇಳಿರಲಿಲ್ಲ. ತಪ್ಪು ನನ್ನ ಪ್ರಶ್ನೆಯಲ್ಲಿತ್ತು.

ತಾಟು ಬಿಚ್ಚಿ ನಡುವೆ ಬೆರಳಷ್ಟು ಮುಲಾಮು ಸವರಿ, ಪಕ್ಕದಲ್ಲಿ ಗುಲಾಬಿ ಗುಳಿಗೆ ಇಟ್ಟೆ. ಅದು ಅಂಚಿಗೆ ಓಡಿ, ಅಂಚು ಹತ್ತಿ, ಕೆಳಗೆ ಹಾರಿತು. ಮತ್ತೆ ಇಟ್ಟೆ, ಮತ್ತೆ ಹಾರಿತು. ತಾಟಿನಿಂದಾದರೆ ಹಾರಬಹುದು. ಮಾಸ್ತರರ ಮೈಯೊಳಗೆ ಬಿದ್ದ ಮೇಲೆ ಎಲ್ಲಿಗೆ ಹಾರೀತು?

ಬಾಳಕ್ಕ ನೆಲದ ಮೇಲೆ ಕುಸಿದಳು. “ಹಂಗಾರ ನಾನ… ನನ್ನ ಕೈಯಾರೆ…” ಎಂದಳು. ಎರಡೂ ಅಂಗೈ ಮುಂದೆ ಹಿಡಿದುಕೊಂಡು ಅವು ತನ್ನವಲ್ಲವೆಂಬಂತೆ ನೋಡಿದಳು. “ನಿಮ್ಮ ಕೈದು ತಪ್ಪಲ್ಲ ಬಾಳಕ್ಕಾ, ನನ್ನ ಬಾಯಿದು” ಅಂದೆ. ಅವಳ ಕಿವಿಗೆ ಅದು ಬಿತ್ತೋ ಇಲ್ಲವೋ, ಎದ್ದು ಬಚ್ಚಲಿಗೆ ಹೋಗಿ ಸೀಗೆಪುಡಿ ಹಾಕಿಕೊಂಡು ಕೈ ತಿಕ್ಕತೊಡಗಿದಳು.

ಮುಲಾಮಿನ ಡಬ್ಬಿ ಹಿಡಿದು ನಾನು ದವಾಖಾನೆಗೆ ಓಡಿದೆ. ಐವತ್ತನಾಲ್ಕನೇ ವಯಸ್ಸಿನಲ್ಲಿ ಸೀರೆ ಎತ್ತಿಕೊಂಡು ಬಜಾರಿನ ನಡುವೆ ಓಡಿದವಳನ್ನು ಊರು ನೋಡಿತು, ನೋಡಲಿ. ಡಾಕ್ಟರ್ ಡಬ್ಬಿ ತಿರುಗಿಸಿ ಓದಿ, ಕನ್ನಡಕ ತೆಗೆದರು. “ಚರ್ಮಾನೂ ಒಂದು ಬಾಯಿನ, ಲೀಲಕ್ಕಾ. ಇಷ್ಟು ತಿಕ್ಕಿದರ ಕುಡಿಸಿದಂಗ. ನಾನೂ ಕೇಳಲಿಲ್ಲ ನೋಡ್ರಿ.” ಆ ಕ್ಷಣವೇ ಹೋಗಿ ಮಾಸ್ತರರ ಮೈ ತೊಳೆಸಿದರು, ರಕ್ತಕ್ಕೆ ಒಂದು ಸೂಜಿ ಕೊಟ್ಟರು, ಮುಲಾಮು ಬಂದ್ ಮಾಡಿಸಿದರು. ಶುಕ್ರವಾರದ ಪರೀಕ್ಷೆಯಲ್ಲಿ ಇಳಿಮುಖ ಕಂಡಿತು. ಮುಂದಿನ ಬುಧವಾರಕ್ಕೆ ರಕ್ತ ಎಷ್ಟಿರಬೇಕೋ ಅಷ್ಟಕ್ಕೆ ಬಂದು ನಿಂತಿತು. ಗುಲಾಬಿ ಗುಳಿಗೆ ನಿಲ್ಲಿಸಬೇಕಾಗಲಿಲ್ಲ. ನಗರದ ಮಾತೇ ಬರಲಿಲ್ಲ.

ಡಾಕ್ಟರ್ ಒಳ್ಳೆಯವರು. “ಆದದ್ದಾತು, ಹೊರಗ ಹೇಳೂದೇನ ಬ್ಯಾಡ, ನಿಮ್ಮ ಹೆಸರು ಉಳೀಲಿ” ಅಂದರು. ಆದರೆ ನನ್ನ ಹೆಸರಿನ ಬಗ್ಗೆ ನನಗಿರುವ ಹೆಮ್ಮೆ ಮುಚ್ಚಿಟ್ಟು ಉಳಿಸಿಕೊಳ್ಳುವಂಥದ್ದಲ್ಲ. ಕಟ್ಟೆಯ ಮೇಲೆ ಜನರೆಲ್ಲ ಕೂತಿರುವಾಗ ದೊಡ್ಡ ವಹಿ ತೆರೆದು, ಮಾಸ್ತರರ ಹೆಸರಿನ ಮುಂದಿದ್ದ ಹಸಿರು ಮುದ್ರೆಗೆ ಅಡ್ಡಗೀಟು ಹಾಕಿ, ‘ಕೂಡವು. ಕೇಳಿದವಳ ತಪ್ಪು’ ಎಂದು ಬರೆದು ಗಟ್ಟಿಯಾಗಿ ಓದಿದೆ. ಔಷಧದ ಅಂಗಡಿಯವನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಆಮೇಲೆ ಒಳಗೆ ಹೋದ. ಇಪ್ಪತ್ತೆರಡು ವರ್ಷದಲ್ಲಿ ನಾನು ಬರೆದ ಅತ್ಯಂತ ಒಳ್ಳೆಯ ಸಾಲು ಅದೇ ಎಂದು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ.

ಆದರೆ ಮಾಸ್ತರರ ಮನೆಯಲ್ಲಿ ಇನ್ನೊಂದು ಕೆಟ್ಟುಹೋಗಿತ್ತು. ಬಾಳಕ್ಕ ಗಂಡನನ್ನು ಮುಟ್ಟುವುದನ್ನೇ ಬಿಟ್ಟಿದ್ದಳು. ಗುಳಿಗೆಯನ್ನು ತಟ್ಟೆಯಲ್ಲಿಟ್ಟು ದೂರದಿಂದ ಸರಿಸುತ್ತಿದ್ದಳಂತೆ. ತಿಕ್ಕಿ ತಿಕ್ಕಿ ಅಂಗೈ ಸಿಪ್ಪೆ ಎದ್ದಿತ್ತು. “ನೋವ ಹೆಂಗಾರ ತಡಕೋತೇನಿ ಲೀಲಾ. ಈಕಿ ಹತ್ತಿರ ಬರವಲ್ಲಳು, ಅದನ್ನ ತಡಕೊಳ್ಳಾಕ ಆಗವಲ್ಲದು” ಎಂದು ಮಾಸ್ತರರು ಹೇಳಿದರು. ಪರೇಡಿನ ಗಂಟಲು ಅದು, ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಇಬ್ಬರನ್ನೂ ಸೋಮವಾರ ಕಟ್ಟೆಗೆ ಕರೆಸಿದೆ. ಸಾಲಿನಲ್ಲಿ ಇಪ್ಪತ್ತು ಮಂದಿ ಇದ್ದರು. “ಬಾಳಕ್ಕಾ, ಕೈ ತಾಟಿನ್ಯಾಗ ಇಡ್ರಿ” ಅಂದೆ. ಅವಳು ಹಿಂದೆ ಸರಿದಳು. ನಾನೇ ಮಣಿಕಟ್ಟು ಹಿಡಿದು ಅವಳ ಅಂಗೈಯನ್ನು ಅಂಗಾತ ತಾಟಿನ ನಡುವೆ ಇಟ್ಟು, ಐದೂ ಗುಳಿಗೆಗಳನ್ನು ಅದರ ಮೇಲೆ ಸುರಿದೆ. ಅವಳು ಕಣ್ಣು ಮುಚ್ಚಿಕೊಂಡಳು. ಸಾಲಿನವರು ಕತ್ತು ಚಾಚಿದರು. ಗುಲಾಬಿ ಗುಳಿಗೆ ಅಂಗೈಯ ಗೆರೆಗಳ ನಡುವೆ ಒಂದು ಸಲ ಉರುಳಿ, ನಿಂತಿತು. ನಿಂತೇ ಇತ್ತು. ನಾನು ಮನಸ್ಸಿನಲ್ಲಿ ಐವತ್ತರವರೆಗೆ ಎಣಿಸಿದೆ. “ಕೂಡತಾವ” ಎಂದು ಇಡೀ ಬಜಾರಿಗೆ ಕೇಳುವಂತೆ ಕೂಗಿದೆ.

ಮಾಸ್ತರರು ಮೊಣಕಾಲು ಹಿಡಿದುಕೊಂಡೇ ಮುಂದೆ ಬಂದು, ಹೆಂಡತಿಯ ಅಂಗೈಯಿಂದಲೇ ಒಂದೊಂದು ಗುಳಿಗೆ ಎತ್ತಿ ಬಾಯಿಗೆ ಹಾಕಿಕೊಂಡರು. ಐದನೆಯದು ಮುಗಿದರೂ ಅವರು ಆ ಕೈ ಬಿಡಲಿಲ್ಲ. ಬಾಳಕ್ಕ ಕಣ್ಣು ತೆರೆದಳು. ಅಳುವಳು ಎಂದುಕೊಂಡೆ. ಅಳಲಿಲ್ಲ. ಇನ್ನೊಂದು ಕೈಯಿಂದ ಸೆರಗು ಎಳೆದು ಮುಖ ಒರೆಸಿಕೊಂಡು ಸಾಲಿನ ಮುಂದಿದ್ದ ಮುದುಕನ ಕಡೆ ತಿರುಗಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿಯಾಗಿತ್ತು: “ಯಜ್ಜಾ, ನೀವ ಏನೇನ ಹಚ್ಕೋತೀರಿ?”

ಮುದುಕ ಬೊಚ್ಚು ಬಾಯಿ ಬಿಟ್ಟು ನಕ್ಕ. “ಈ ವಯಸ್ಸಿನ್ಯಾಗ ನಾ ಏನ ಹಚ್ಕೊಳ್ಳಲಿ ಹೇಳ ಯವ್ವಾ. ಮೊಮ್ಮಗಳೊಬ್ಬಾಕಿನ್ನ ಹಚ್ಕೊಂಡೇನಿ.”

ಸಾಲೆಲ್ಲ ನಕ್ಕಿತು. ಬಾಳಕ್ಕ ನಗಲಿಲ್ಲ. “ಅದು ಚಲೋದು. ಮತ್ತ ಕಣ್ಣಿಗೆ? ಮೂಗಿಗೆ? ಸೊಂಟಕ್ಕ?” ಎಂದು ಒಂದೊಂದೇ ಕೇಳುತ್ತಾ ಹೋದಳು. ಕಣ್ಣಿಗೆ ದಿನಾ ಎರಡು ಹನಿ ಔಷಧ ಬಿಡುತ್ತೇನೆಂದು ಮೂರನೆಯ ಸಲಕ್ಕೆ ಮುದುಕ ಒಪ್ಪಿಕೊಂಡ. ಉಸಿರಾಟದ ಗುಳಿಗೆಗೆ ಚೀಟಿ ತಂದಿದ್ದವನು ಅವನು. ಹನಿ ತರಿಸಿ ತಾಟಿನಲ್ಲಿ ಬಿಟ್ಟದ್ದೇ ತಡ, ಉಸಿರಾಟದ ಗುಳಿಗೆ ಎದ್ದು ಓಡಿತು. ನಾನು ಕೆಂಪು ಮುದ್ರೆ ಒತ್ತಿ ಅವನನ್ನು ಡಾಕ್ಟರ ಹತ್ತಿರ ಕಳಿಸಿದೆ. ಆಮೇಲೆ ಕಟ್ಟೆಯ ಮೇಲೆ ಒಂದು ಮೊಳ ಈಚೆ ಸರಿದು, ಬಾಳಕ್ಕನಿಗೆ ಕೂರಲು ಜಾಗ ಮಾಡಿದೆ.